ನಿಮ್ಮೂರಿನ ಕಚೇರಿಯ ರ‍್ಯಾಂಪ್ ಸರಿ ಇದೆಯಾ? ಟೇಪು ಹಿಡಿದು ಅಳೆಯೋದು, ಅರ್ಜಿ ಬರೆಯೋದು, ಸರಿ ಮಾಡಿಸೋದು ಹೇಗೆ

ನಿಮ್ಮೂರಿನ ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ, ವೀಲ್‌ಚೇರ್‌ನಲ್ಲಿ ಬರುವವರು ಇಲ್ಲಿ ಒಳಗೆ ಹೇಗೆ ಬರ್ತಾರೆ ಅಂತ ಕೇಳಿ ನೋಡಿ. "ರ‍್ಯಾಂಪ್ ಇದೆಯಲ್ಲ" ಅಂತಾರೆ. ಹೌದು, ಇರುತ್ತೆ. ಮೆಟ್ಟಿಲಿನ ಪಕ್ಕದಲ್ಲಿ ಪಾಲಿಶ್ ಗ್ರಾನೈಟ್ ಹಾಸಿದ ಒಂದು ಇಳಿಜಾರು. ಅದರ ಬುಡದಲ್ಲೇ ಸಾಲಾಗಿ ಬೈಕು ನಿಲ್ಲಿಸಿರುತ್ತಾರೆ. ಹಿಡ್ಕೊಳ್ಳೋಕೆ ರೇಲಿಂಗ್ ಇರಲ್ಲ. ಕಷ್ಟಪಟ್ಟು ಮೇಲೆ ಹೋದರೆ ಆ ಕಡೆಯ ಬಾಗಿಲಿಗೆ ಬೀಗ, ಯಾಕೆಂದರೆ ಅದನ್ನು ಯಾರೂ ಬಳಸಲ್ಲ. ಇಳಿಜಾರು ಎಷ್ಟು ಕಡಿದಾಗಿರುತ್ತೆ ಅಂದರೆ, ಅಕ್ಕಿ ಮೂಟೆ ಹೊರುವ ಗಟ್ಟಿ ಆಳು ಕೂಡ ಮುಂದಕ್ಕೆ ಬಾಗಿಯೇ ಹತ್ತಬೇಕು. ಆದರೂ ವರದಿಯಲ್ಲಿ "ರ‍್ಯಾಂಪ್: ಇದೆ" ಅಂತ ಗುರುತು ಬಿದ್ದಿರುತ್ತೆ.

ಈ "ಇದೆ" ಅನ್ನೋ ಮಾತಿಗೆ ಉತ್ತರ ಕೊಡೋಕೆ ಅಳತೆ ಬೇಕು. "ರ‍್ಯಾಂಪ್ ಸರಿ ಇಲ್ಲ ಸಾರ್" ಅಂದರೆ "ಎಲ್ಲರೂ ಓಡಾಡ್ತಾರಲ್ಲ" ಅಂತ ಮಾತು ತೇಲಿಸಿಬಿಡುತ್ತಾರೆ. "18 ಇಂಚು ಎತ್ತರ ಇದೆ, ರ‍್ಯಾಂಪ್ 6 ಅಡಿ ಇದೆ, 18 ಅಡಿ ಇರಬೇಕಿತ್ತು" ಅಂತ ಬರೆದು ಕೊಟ್ಟರೆ ಹಾಗೆ ತೇಲಿಸೋಕೆ ಆಗಲ್ಲ. ಇಂಜಿನಿಯರ್ ಬಂದು ನೋಡಲೇಬೇಕು. ಅಳೆಯೋದಕ್ಕೆ ನೀವು ಇಂಜಿನಿಯರ್ ಆಗಿರಬೇಕಿಲ್ಲ. ಒಂದು ಬೆಳಗ್ಗೆ ಸಾಕು.

ಹೋಗುವ ಮೊದಲು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 5 ಮೀಟರಿನ ಟೇಪು, ನೋಟ್‌ಬುಕ್, ಸೀಮೆಸುಣ್ಣ, ಮೊಬೈಲು. ಸಾಮಾನು ಇಷ್ಟೇ. ಸಾಮಾನಿಗಿಂತ ಮುಖ್ಯ, ಜೊತೆಗೆ ಬರುವ ಜನ. ಆ ಕಟ್ಟಡಕ್ಕೆ ನಿಜವಾಗಲೂ ಹೋಗಬೇಕಾದ ಅಂಗವಿಕಲರನ್ನೇ ಕರೆದುಕೊಂಡು ಹೋಗಿ. ವೀಲ್‌ಚೇರ್ ಬಳಸುವವರು ಒಬ್ಬರು, ಕಣ್ಣು ಕಾಣದವರು ಒಬ್ಬರು, ಸಾಧ್ಯವಾದರೆ ಕಿವಿ ಕೇಳದವರು ಒಬ್ಬರು. ಟೇಪಿಗೆ ಸಿಗದೇ ಇರೋದು ಅವರಿಗೆ ಸಿಗುತ್ತೆ. ಉದಾಹರಣೆಗೆ, ಮಹಡಿ ಮೆಟ್ಟಿಲಿನ ಕೆಳಭಾಗ ಹಾದಿಗೆ ಇಳಿದಿರುತ್ತೆ ನೋಡಿ, ಅದು ನಮಗೆ ತೊಂದರೆ ಅಂತ ಅನಿಸೋದೇ ಇಲ್ಲ. ಬಿಳಿ ಕೋಲು ಹಿಡಿದವರಿಗೆ ಕೋಲು ನೆಲದಲ್ಲಿ ಏನೂ ಇಲ್ಲ ಅಂತ ಹೇಳುತ್ತೆ, ಹಣೆಗೆ ಕಾಂಕ್ರೀಟ್ ಬಡಿಯುತ್ತೆ.

ಹಳ್ಳಿಯಲ್ಲಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಮೊದಲು ಮಾತಾಡಿಸಿ. ಅಂಗವಿಕಲರ ಕೆಲಸ ನೋಡಿಕೊಳ್ಳೋಕೆ ಅಂತಲೇ ನೇಮಿಸಿರುವ ಪುನರ್ವಸತಿ ಕಾರ್ಯಕರ್ತರು ಅವರು, ಬಹಳಷ್ಟು ಜನ ಸ್ವತಃ ಅಂಗವಿಕಲರೇ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ ಇರ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಪಿಂಚಣಿ ವಿಚಾರಿಸೋಕೆ ಬಂದು ಮೆಟ್ಟಿಲು ಹತ್ತಲಾಗದೆ ವಾಪಸ್ ಹೋದರು ಅನ್ನೋದೆಲ್ಲ ಅವರಿಗೆ ಗೊತ್ತಿರುತ್ತೆ.

ಅಲ್ಲಿಗೆ ಹೋದಾಗ ಕಚೇರಿಯ ಮುಖ್ಯಸ್ಥರಿಗೆ ವಿಷಯ ಹೇಳಿ ಶುರು ಮಾಡಿ. ಕಳ್ಳತನದಲ್ಲಿ ಅಳೆಯೋ ಕೆಲಸ ಏನಿಲ್ಲ ಇಲ್ಲಿ. ಎಷ್ಟೋ ಅಧಿಕಾರಿಗಳು ತಾವೇ ಎದ್ದು ಬಂದು ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ, ಮುಂದೆ ಕೆಲಸ ಮಾಡಿಸೋಕೂ ಅಂಥವರೇ ಆಸರೆ. ಫೋಟೊ ತೆಗೆಯುವಾಗ ಕೆಲಸಕ್ಕೆ ಬಂದ ಜನರ ಮುಖ ಬೇಡ, ಕಟ್ಟಡ ಸಾಕು. ಫೋಟೊದಲ್ಲಿ ಟೇಪು ಕಾಣಬೇಕು, ಅದರ ಮೇಲಿನ ಅಂಕಿ ಓದೋಕೆ ಆಗಬೇಕು.

ರ‍್ಯಾಂಪ್ ಅಳೆಯೋದು

ನಿಯಮ 1:12. ಅಂದರೆ 1 ಇಂಚು ಎತ್ತರಕ್ಕೆ 1 ಅಡಿ ಉದ್ದ. ಇದನ್ನು ಮೇಸ್ತ್ರಿಗೂ ಹೀಗೇ ಹೇಳಿ, ತಕ್ಷಣ ಅರ್ಥ ಆಗುತ್ತೆ. 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ. ಮೂರು ಮೆಟ್ಟಿಲಿದ್ದರೆ 18 ಅಡಿ. ಜನಕ್ಕೆ ಇಲ್ಲೇ ಆಶ್ಚರ್ಯ ಆಗೋದು, "ಇಷ್ಟು ಉದ್ದನಾ?" ಅಂತಾರೆ. ಹೌದು, ಇಷ್ಟು ಉದ್ದವೇ ಬೇಕು. ಕೈಯಿಂದ ಚಕ್ರ ತಳ್ಳಿಕೊಂಡು ಹತ್ತುವವರ ಭುಜದ ಮೇಲೆ ಅವರ ಮೈಭಾರ, ಕುರ್ಚಿಯ ಭಾರ ಎರಡೂ ಬೀಳುತ್ತೆ. ಇಳಿಜಾರು ಕಡಿದಾದಷ್ಟೂ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯ ಜಾಸ್ತಿ. ಇಳಿಯುವಾಗ ಅದೇ ಕುರ್ಚಿ ತಡೆಯಿಲ್ಲದೆ ಮುಂದಕ್ಕೆ ಓಡುತ್ತೆ.

ಎತ್ತರ ಅಳೆಯೋದು ಸುಲಭ. ಮೆಟ್ಟಿಲು ಪಕ್ಕದಲ್ಲೇ ಇದ್ದರೆ ಪ್ರತಿ ಮೆಟ್ಟಿಲನ್ನೂ ಅಳೆದು ಕೂಡಿಸಿ. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇರುತ್ತೆ ಅಂದುಕೊಳ್ಳಬೇಡಿ, ಕೊನೆಯ ಮೆಟ್ಟಿಲು ರಸ್ತೆ ಎತ್ತರಿಸಿದ ಮೇಲೆ ಗಿಡ್ಡ ಆಗಿರುತ್ತೆ ಇಲ್ಲವೇ ಮಣ್ಣು ಕೊಚ್ಚಿ ಹೋಗಿ ಎತ್ತರ ಆಗಿರುತ್ತೆ. ಆಮೇಲೆ ರ‍್ಯಾಂಪಿನ ಬುಡದಿಂದ ತುದಿಯವರೆಗೆ ನೆಲದ ಮೇಲೆ ಎಷ್ಟು ಉದ್ದ ಅಂತ ಅಳೆದು ಬರೆದುಕೊಳ್ಳಿ.

ಮೆಟ್ಟಿಲು ಇಲ್ಲದ ಕಡೆ ಮೊಬೈಲೇ ಸಾಕು. ಈಗಿನ ಬಹಳಷ್ಟು ಫೋನುಗಳಲ್ಲಿ ರಸಮಟ್ಟದ ಹಾಗೆ ಕೆಲಸ ಮಾಡುವ ಲೆವೆಲ್ ಇರುತ್ತೆ. ರ‍್ಯಾಂಪಿನ ಮೇಲೆ ಉದ್ದಕ್ಕೆ ಒಂದು ನೇರ ಮರದ ಪಟ್ಟಿ ಇಟ್ಟು, ಅದರ ಮೇಲೆ ಫೋನ್ ಇಡಿ. 4.8 ಡಿಗ್ರಿ ತೋರಿಸಿದರೆ 1:12. 7 ಡಿಗ್ರಿ ಅಂದರೆ 1:8, ಆಗಲೇ ಕಷ್ಟ. 9.5 ಡಿಗ್ರಿ ಅಂದರೆ 1:6. 14 ಡಿಗ್ರಿ ಬಂತಾ, ಅದು 1:4. ಅದು ಬೈಕು ಹತ್ತಿಸೋಕೆ ಕಟ್ಟಿದ್ದು ಅಂತಲೇ ಲೆಕ್ಕ. ಒಂದೇ ಕಡೆ ಇಟ್ಟು ಮುಗಿಸಬೇಡಿ. ಬುಡ, ನಡು, ತುದಿ ಮೂರೂ ಕಡೆ ನೋಡಿ, ಯಾಕೆಂದರೆ ಉದ್ದಕ್ಕೆ ಜಾಗ ಸಾಲದೆ ಹೋದಾಗ ತುದಿಯಲ್ಲಿ ಏಕಾಏಕಿ ಎತ್ತಿ ಮುಗಿಸಿರುತ್ತಾರೆ.

ಅಗಲ ಕಡಿಮೆ ಅಂದರೂ 4 ಅಡಿ, ಅಂದರೆ 1200 ಮಿಲಿಮೀಟರ್. ಶುರುವಿನಲ್ಲೂ ಕೊನೆಯಲ್ಲೂ 5 ಅಡಿ ಉದ್ದ 5 ಅಡಿ ಅಗಲದ ಸಮತಟ್ಟು ಜಾಗ ಬೇಕು, ಕುರ್ಚಿ ತಿರುಗಿಸಿ ಬಾಗಿಲು ತೆಗೆಯೋಕೆ. ಮೇಲೆ ಹತ್ತಿದ ತಕ್ಷಣ ಬಾಗಿಲೇ ಎದುರಾದರೆ, ಇಳಿಜಾರಿನಲ್ಲಿ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ತಳ್ಳಬೇಕಾಗುತ್ತೆ, ಅದು ಆಗದ ಮಾತು. ರ‍್ಯಾಂಪ್ 30 ಅಡಿಗಿಂತ ಉದ್ದ ಹೋದರೆ ಮಧ್ಯದಲ್ಲೂ ಅಂಥದ್ದೊಂದು ತಂಗುವ ಜಾಗ ಇರಬೇಕು.

ರೇಲಿಂಗ್ ಎರಡೂ ಬದಿಗೆ, ಎರಡು ಮಟ್ಟದಲ್ಲಿ: ನೆಲದಿಂದ 760 ಮಿ.ಮೀ. ಒಂದು, 900 ಮಿ.ಮೀ. ಇನ್ನೊಂದು. ರ‍್ಯಾಂಪ್ ಮುಗಿದ ಮೇಲೂ ಎರಡೂ ತುದಿಯಲ್ಲಿ 1 ಅಡಿ ಮುಂದೆ ಬಂದಿರಬೇಕು. ಊರುಗೋಲು ಹಿಡಿದವರು, ಪಾರ್ಶ್ವವಾಯು ಆಗಿ ಒಂದೇ ಕೈ ಆಡುವವರು, ಮಂಡಿ ನೋವಿನ ಅಜ್ಜಿ, ಎಲ್ಲರಿಗೂ ಬೇಕಾಗೋದು ಇದೇ. ಒಂದೇ ಬದಿಗೆ ಹಾಕಿದರೆ ಎಡಗೈ ಬಲ ಇಲ್ಲದವರಿಗೆ ಹತ್ತುವಾಗ ಸಿಕ್ಕಿದ್ದು ಇಳಿಯುವಾಗ ಸಿಗಲ್ಲ. ರೇಲಿಂಗ್ ಇಲ್ಲದ ತೆರೆದ ಅಂಚಿದ್ದರೆ ಚಕ್ರ ಜಾರಿ ಕೆಳಗೆ ಬೀಳದ ಹಾಗೆ ಮೂರು ನಾಲ್ಕು ಇಂಚಿನ ಕಟ್ಟೆ ಇದೆಯಾ ನೋಡಿ.

ನೆಲದ ಮೇಲೆ ಒಂದು ಲೋಟ ನೀರು ಸುರಿದು ಚಪ್ಪಲಿ ಉಜ್ಜಿ ನೋಡಿ. ಪಾಲಿಶ್ ಗ್ರಾನೈಟ್, ನುಣುಪು ಟೈಲ್ಸ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತೆ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತೆ, ಅಲ್ಲಿಯ ರ‍್ಯಾಂಪಿಗೆ ಮೇಲೆ ಮಾಡು ಇದೆಯಾ ಅನ್ನೋದನ್ನೂ ಬರೆದುಕೊಳ್ಳಿ.

ಹೊಸ್ತಿಲು, ಬಾಗಿಲು, ಒಳಗಿನ ಹಾದಿ

ನಮ್ಮ ಕಡೆ ಹೊಸ್ತಿಲು ಇಲ್ಲದ ಕಟ್ಟಡವೇ ಇಲ್ಲ. ಮನೆಗೆ ಇರಲಿ, ಪೂಜೆ ಮಾಡ್ತೀವಿ. ಕಚೇರಿಗೆ ಯಾಕೆ? ಅರ್ಧ ಇಂಚಿಗಿಂತ, ಅಂದರೆ 12 ಮಿ.ಮೀ.ಗಿಂತ ಎತ್ತರದ ಹೊಸ್ತಿಲು ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರವನ್ನು ಹಿಡಿದು ನಿಲ್ಲಿಸಿಬಿಡುತ್ತೆ. ಚಾನೆಲ್ ಗೇಟಿನ ಕೆಳಗಿನ ಕಬ್ಬಿಣದ ಹಳಿಯೂ ಇದೇ ಕೆಲಸ ಮಾಡುತ್ತೆ. ಇದನ್ನು ಸರಿ ಮಾಡೋದಕ್ಕೆ ಹೆಚ್ಚು ಖರ್ಚಿಲ್ಲ, ಎರಡೂ ಬದಿಗೆ ಸಿಮೆಂಟಿನಿಂದ ಚಿಕ್ಕ ಇಳಿಜಾರು ಕೊಟ್ಟರೆ ಆಯಿತು.

ಬಾಗಿಲು ಅಳೆಯುವಾಗ ಚೌಕಟ್ಟಿನಿಂದ ಚೌಕಟ್ಟಿಗೆ ಅಳೆಯಬೇಡಿ. ಬಾಗಿಲನ್ನು ಪೂರ್ತಿ ತೆಗೆದಿಟ್ಟು, ತೆರೆದ ಬಾಗಿಲ ಮೈಯಿಂದ ಎದುರಿನ ಚೌಕಟ್ಟಿನವರೆಗೆ ಎಷ್ಟು ಜಾಗ ಸಿಗುತ್ತೆ ಅನ್ನೋದು ಲೆಕ್ಕ. 900 ಮಿ.ಮೀ., ಸುಮಾರು 3 ಅಡಿ ಬೇಕು. ಎರಡು ಕದದ ಬಾಗಿಲಲ್ಲಿ ಒಂದು ಕದಕ್ಕೆ ಯಾವಾಗಲೂ ಅಗುಳಿ ಹಾಕಿರುತ್ತಾರೆ, ಆಗ ಉಳಿಯೋದು ಒಂದೂವರೆ ಎರಡು ಅಡಿ. ಇದಕ್ಕೆ ಕಟ್ಟಡ ಒಡೆಯಬೇಕಿಲ್ಲ, ಅಗುಳಿ ತೆಗೆದರೆ ಸಾಕು.

ಒಳಗೆ ಹೋದ ಮೇಲೆ ಕಡತದ ಬೀರುಗಳು, ಬೆಂಚು, ಹಳೇ ಕಂಪ್ಯೂಟರ್ ಡಬ್ಬಗಳು ಹಾದಿಯನ್ನು ಎಷ್ಟು ತಿಂದಿವೆ ನೋಡಿ. ಕೌಂಟರ್ ಎತ್ತರ ನೋಡಿ. ಕೂತಲ್ಲಿಂದ ಗುಮಾಸ್ತರ ಮುಖ ಕಾಣಬೇಕು, ಅರ್ಜಿಗೆ ಸಹಿ ಹಾಕೋಕೆ ಆಗಬೇಕು ಅಂದರೆ ಒಂದು ಕಡೆಯಾದರೂ 750ರಿಂದ 800 ಮಿ.ಮೀ. ಎತ್ತರದ ಮೇಜು ಬೇಕು, ಅದರ ಕೆಳಗೆ ಮೊಣಕಾಲು ಹೋಗೋಕೆ ಜಾಗ ಬಿಟ್ಟಿರಬೇಕು. ಕೆಲಸ ಆಗೋದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ ಅಂದರೆ, ವಾರಕ್ಕೊಂದು ದಿನ ಅಧಿಕಾರಿ ಕೆಳಗೆ ಬಂದು ಕೂರಲಿ ಅಂತ ಕೇಳಬೇಡಿ. ಅಂಗವಿಕಲರು ಬಂದಾಗಲೆಲ್ಲ ಆ ಕೆಲಸ ನೆಲಮಹಡಿಯಲ್ಲೇ ಆಗಬೇಕು ಅಂತ ಕೇಳಿ. ಯಾರನ್ನೂ ಹೊತ್ತುಕೊಂಡು ಹತ್ತಿಸೋದು ವ್ಯವಸ್ಥೆ ಅಲ್ಲ. ಎಷ್ಟೇ ಪ್ರೀತಿಯಿಂದ ಹೊತ್ತರೂ ಬೀಳುವ ಭಯ, ಎಲ್ಲರೂ ನೋಡುವ ಸಂಕೋಚ ಹೊತ್ತುಕೊಳ್ಳಿಸಿಕೊಂಡವರಿಗೆ ಇದ್ದೇ ಇರುತ್ತೆ.

ಶೌಚಾಲಯ

ಇದನ್ನು ಬಿಟ್ಟು ಬರಬೇಡಿ. ಕಚೇರಿಗೆ ಬರುವ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ಬರುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ, ಬೆನ್ನುಹುರಿ ಪೆಟ್ಟಾದವರಿಗೆ ಇದು ಮೂತ್ರಕೋಶದ ಸೋಂಕಿನವರೆಗೂ ಹೋಗುತ್ತೆ. ಬಾಗಿಲಿಗೆ ವೀಲ್‌ಚೇರ್ ಚಿತ್ರ ಅಂಟಿಸಿದ್ದನ್ನು ನೋಡಿ ಟಿಕ್ ಹಾಕಬೇಡಿ, ಬೀಗ ತೆಗೆಸಿ. ಕೀಲಿ ಯಾರ ಹತ್ತಿರ ಇದೆ, ತರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದನ್ನೂ ಬರೆಯಿರಿ. ಒಳಗೆ ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ ತುಂಬಿದ್ದರೆ ಹಾಗೇ ಫೋಟೊ ತೆಗೆಯಿರಿ.

ಕೋಣೆ 2200 ಮಿ.ಮೀ.ಗೆ 2000 ಮಿ.ಮೀ., ಸುಮಾರು ಏಳು ಕಾಲು ಅಡಿಗೆ ಆರೂವರೆ ಅಡಿ ಇರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಜಾರಬೇಕು. ಒಳಕ್ಕೆ ತೆರೆಯುವ ಬಾಗಿಲಾದರೆ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚೋಕೇ ಆಗಲ್ಲ, ಒಳಗೆ ಯಾರಾದರೂ ಬಿದ್ದರೆ ತಳ್ಳಿ ತೆಗೆಯೋಕೂ ಆಗಲ್ಲ. ಕಮೋಡ್ ಸೀಟಿನ ಎತ್ತರ 450ರಿಂದ 480 ಮಿ.ಮೀ. ಕಮೋಡಿನ ಒಂದು ಪಕ್ಕ ವೀಲ್‌ಚೇರ್ ನಿಲ್ಲಿಸಿ ಅದರ ಮೇಲಿಂದ ಸೀಟಿಗೆ ಜರುಗುವಷ್ಟು, 900 ಮಿ.ಮೀ. ಖಾಲಿ ಜಾಗ ಇರಬೇಕು. ಗೋಡೆ ಕಡೆ ಅಲುಗಾಡದ ಹಿಡಿಕಂಬಿ, ಜಾಗ ಬಿಟ್ಟ ಕಡೆ ಮೇಲಕ್ಕೆ ಮಡಚುವ ಕಂಬಿ. ಕಂಬಿಯನ್ನು ಕೈಯಿಂದ ಬಲವಾಗಿ ಜಗ್ಗಿ ನೋಡಿ. ಬರೀ ಟೈಲ್ಸಿಗೆ ಸ್ಕ್ರೂ ಹೊಡೆದಿದ್ದರೆ ಮೈಭಾರ ಬಿದ್ದ ದಿನ ಕಿತ್ತು ಬರುತ್ತೆ. ನಲ್ಲಿ, ನೀರಿನ ಜಗ್, ಪೈಪು ಕೂತಲ್ಲಿಂದ ಕೈಗೆ ಎಟುಕುತ್ತಾ, ನಲ್ಲಿಯಲ್ಲಿ ನೀರು ಬರುತ್ತಾ ನೋಡಿ.

ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ

ಹಳದಿ ಉಬ್ಬು ಟೈಲ್ಸ್ ಇದ್ದರೆ ಅದರ ಮೇಲೆ ಕೊನೆಯವರೆಗೂ ನಡೆದು ನೋಡಿ. ಉದ್ದ ಗೆರೆ ಇರೋದು "ಹೀಗೇ ಹೋಗಿ" ಅನ್ನೋದಕ್ಕೆ, ಗುಂಡು ಚುಕ್ಕೆ ಇರೋದು "ನಿಲ್ಲಿ, ಮುಂದೆ ಮೆಟ್ಟಿಲೋ ಬಾಗಿಲೋ ತಿರುವೋ ಇದೆ" ಅನ್ನೋದಕ್ಕೆ. ಅಲಂಕಾರಕ್ಕೆ ಅಂತ ಎರಡನ್ನೂ ಬೆರೆಸಿ ಹಾಕಿದ್ದು, ಗೆರೆ ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಗಿದಿದ್ದು, ಮಧ್ಯದಲ್ಲಿ ಚಪ್ಪಡಿ ಎದ್ದು ಮೋರಿ ಬಾಯಿ ಬಿಟ್ಟಿದ್ದು ಪಟ್ಟಣಗಳಲ್ಲಿ ಎಲ್ಲೆಲ್ಲೂ ಸಿಗುತ್ತೆ. ತಲೆಯ ಮೇಲೆ 2100 ಮಿ.ಮೀ., 7 ಅಡಿ ಖಾಲಿ ಇರಬೇಕು. ನೇತಾಡುವ ಬೋರ್ಡು, ಹೊರಕ್ಕೆ ಚಾಚಿದ ಕಿಟಕಿ ಬಾಗಿಲು ಎಲ್ಲ ಈ ಲೆಕ್ಕಕ್ಕೆ ಬರುತ್ತೆ. ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ ಬಳಿದರೆ ಮಂದದೃಷ್ಟಿಯವರಿಗೆ ಬಹಳ ಅನುಕೂಲ. ಒಂದು ಡಬ್ಬ ಪೇಂಟಿನ ಖರ್ಚು ಅಷ್ಟೇ.

ಆಸ್ಪತ್ರೆ, ಬ್ಯಾಂಕಿನ ಟೋಕನ್ ಕಡೆ ಗಮನ ಕೊಡಿ. ಹೆಸರು ಕೂಗಿ ಕರೆದರೆ ಕಿವುಡರಿಗೆ ಸರದಿ ತಪ್ಪುತ್ತೆ, ಬರೀ ಪರದೆ ಮೇಲೆ ನಂಬರ್ ಬಂದರೆ ಕುರುಡರಿಗೆ ತಪ್ಪುತ್ತೆ. ಎರಡೂ ಬೇಕು. ಜೊತೆಗೆ, ಮಾತಾಡುವವರು ಬಂದಾಗ ಮಾತ್ರ ವಿವರ ಹೇಳಿ, ಕಿವಿ ಕೇಳದವರು ಬಂದಾಗ "ಮನೆಯವರನ್ನು ಕರ್ಕೊಂಡು ಬಾ" ಅಂತ ಸನ್ನೆ ಮಾಡಿ ಕಳಿಸೋದು ಸರಿಯಲ್ಲ. ಒಂದು ಹಾಳೆ, ಪೆನ್ನು ಕೌಂಟರ್ ಮೇಲೆ ಇಡಿಸಿ. ದೊಡ್ಡ ಕಚೇರಿಯಾದರೆ ಭಾರತೀಯ ಸನ್ನೆ ಭಾಷೆ ಬಲ್ಲವರನ್ನು ವಿಡಿಯೊ ಕರೆಯಲ್ಲಾದರೂ ಸಂಪರ್ಕಿಸುವ ವ್ಯವಸ್ಥೆ ಕೇಳಿ.

ಬ್ಯಾಂಕು, ಎಟಿಎಂ, ಮೊಬೈಲಿನಲ್ಲಿ ಬರುವ ಸೇವೆ

ಎಟಿಎಂ ಮುಂದೆ ಮೆಟ್ಟಿಲಿದ್ದರೆ ರ‍್ಯಾಂಪ್ ಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಟಿಎಂಗಳು ಮಾತಾಡುವಂಥವು, ಬ್ರೈಲ್ ಕೀಲಿ ಇರುವಂಥವು ಆಗಿರಬೇಕು ಅಂತಲೂ ಹೇಳಿದೆ. ಪರೀಕ್ಷೆ ಮಾಡೋದು ಸುಲಭ: ವೈರ್ ಇರುವ ಇಯರ್‌ಫೋನ್ ತಗೊಂಡು ಹೋಗಿ ಚುಚ್ಚಿ ನೋಡಿ, ದನಿ ಬರುತ್ತಾ, ಯಾವ ಭಾಷೆಯಲ್ಲಿ ಬರುತ್ತೆ ಬರೆದುಕೊಳ್ಳಿ. ಬ್ಯಾಂಕಿಗೆ ಹೋಗೋಕೇ ಆಗದ ಅಂಗವಿಕಲರಿಗೆ, 70 ದಾಟಿದವರಿಗೆ ಮನೆಬಾಗಿಲಲ್ಲೇ ಹಣ ಕೊಡುವ, ತಗೊಳ್ಳುವ ಸೇವೆ ಕೊಡಿ ಅಂತ 2017ರ ನವೆಂಬರಿನಲ್ಲೇ ಸುತ್ತೋಲೆ ಬಂದಿದೆ. ಶಾಖೆಯಲ್ಲಿ ಗೊತ್ತಿಲ್ಲ ಅಂದರೆ ಬರೆದು ಕೊಡಿ ಅನ್ನಿ.

ಕನ್ನಡದ ವೆಬ್‌ಸೈಟ್, ಸುತ್ತೋಲೆಗಳಲ್ಲಿ ನಮ್ಮದೇ ಆದ ಒಂದು ತೊಂದರೆ ಇದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಕುರುಡರು ಬಳಸುವ, ಪರದೆ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ, ಟಾಕ್‌ಬ್ಯಾಕ್ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು, ಅಂದರೆ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರವನ್ನು ಓದುತ್ತವೆ, ಹಳೆಯ ಫಾಂಟಿನ ಕಡತವನ್ನು ಓದಲಾರವು. ಮುದ್ರೆ ಒತ್ತಿ ಸ್ಕ್ಯಾನ್ ಮಾಡಿ ಹಾಕಿದ ಪ್ರಕಟಣೆ ಇನ್ನೂ ಕಷ್ಟ, ಅದು ಬರೀ ಚಿತ್ರ. ಆದ್ದರಿಂದ ಕೇಳಬೇಕಾದ್ದು ಸ್ಪಷ್ಟ: ಪ್ರತಿ ಪ್ರಕಟಣೆಯನ್ನೂ ಯುನಿಕೋಡ್ ಪಠ್ಯವಾಗಿಯೂ ಹಾಕಿ. ಮೊಬೈಲಿನಲ್ಲಿ ಗುರುತು ಖಚಿತಪಡಿಸೋಕೆ "ಕಣ್ಣು ಮಿಟುಕಿಸಿ" ಅನ್ನುವ ಕೆವೈಸಿಯಿಂದ ಕುರುಡರಿಗೂ, ಆಸಿಡ್ ದಾಳಿಗೆ ಒಳಗಾದವರಿಗೂ ಖಾತೆ ತೆರೆಯೋಕೆ ಆಗುತ್ತಿರಲಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಸಿಗೋದು ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಬೇರೆ ದಾರಿ ಕೊಡಿ ಅಂತ ಆದೇಶ ಮಾಡಿದೆ. ಅರ್ಜಿಯಲ್ಲಿ ಈ ದಿನಾಂಕ ಬರೆಯಿರಿ.

ಕಾನೂನು ಎಷ್ಟು ಗೊತ್ತಿದ್ದರೆ ಸಾಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿ. ಇದರಲ್ಲಿ ನಾಲ್ಕೈದು ಕಲಂ ಸಾಕು. ಕಲಂ 44ರ ಪ್ರಕಾರ ಅಂಗವಿಕಲರು ಬಳಸುವಂತೆ ಇಲ್ಲದ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಮುಗಿದ ಮೇಲೆ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಕಲಂ 45ರ ಪ್ರಕಾರ ಹಳೇ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ 5 ವರ್ಷದೊಳಗೆ ಸರಿ ಮಾಡಬೇಕು. ನಿಯಮ ಬಂದಿದ್ದು 2017ರ ಜೂನ್ 15ಕ್ಕೆ, ಲೆಕ್ಕ ನೀವೇ ಹಾಕಿ. ಕಲಂ 23ರ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಅಂಗವಿಕಲರ ಕುಂದುಕೊರತೆ ನೋಡುವ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದಲ್ಲಿ ವಿಚಾರಣೆ ಆಗಬೇಕು. ಕಲಂ 89ರಲ್ಲಿ ದಂಡ ಇದೆ: ಮೊದಲ ಸಲ 10,000 ರೂಪಾಯಿವರೆಗೆ, ಆಮೇಲಿನ ತಪ್ಪಿಗೆ 50,000ದಿಂದ 5 ಲಕ್ಷದವರೆಗೆ.

"ಇದು ಖಾಸಗಿ ಜಾಗ" ಅನ್ನೋ ಉತ್ತರ ಬಂದರೆ ಕಲಂ 2(ಡಬ್ಲ್ಯೂ) ತೋರಿಸಿ. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಶಾಲೆ, ನರ್ಸಿಂಗ್ ಹೋಂ, ಅಂಗಡಿ, ದೇವಸ್ಥಾನ ಎಲ್ಲ ಬರುತ್ತೆ. ನನಗೆ ಅತಿ ಹೆಚ್ಚು ಬೇಸರ ತರಿಸೋದು ಕಲ್ಯಾಣ ಮಂಟಪಗಳು. ಮದುವೆ ಹಾಲಿಗೆ ಹೇಗೋ ರ‍್ಯಾಂಪ್ ಇರುತ್ತೆ, ಊಟದ ಹಾಲ್ ಮಾತ್ರ ನೆಲಮಾಳಿಗೆಯಲ್ಲಿ, ಕಡಿದಾದ ಮೆಟ್ಟಿಲ ಕೆಳಗೆ. ಸ್ವಂತ ಅಣ್ಣನ ಮದುವೆಯಲ್ಲೂ ಪಂಕ್ತಿಯಲ್ಲಿ ಕೂರೋಕಾಗದೆ ಮೇಲೆ ಒಬ್ಬರೇ ತಟ್ಟೆ ಹಿಡಿದು ಕೂರಬೇಕಾಗುತ್ತೆ. ಮಂಟಪ ಗೊತ್ತು ಮಾಡೋಕೆ ಹೋದಾಗ, ಮುಂಗಡ ಕೊಡುವ ಮೊದಲೇ ಕೇಳಿ. ದುಡ್ಡು ಕೊಡುವವರು ಕೇಳಿದರೆ ಮಾಲೀಕರು ಬೇಗ ಕೇಳಿಸಿಕೊಳ್ಳುತ್ತಾರೆ.

ಇಂಜಿನಿಯರುಗಳು ಮೊದಲು "ಇದು ಬರೀ ಮಾರ್ಗಸೂಚಿ, ಕಡ್ಡಾಯ ಅಲ್ಲ" ಅಂತಿದ್ದರು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಈ ಮಾತಿಗೆ ಜಾಗ ಉಳಿಸಿಲ್ಲ. 2017ರ ನಿಯಮಗಳಲ್ಲಿ ಬರೀ ಸಲಹೆಯ ಹಾಗೆ ಇದ್ದ 15(1)ನೇ ನಿಯಮ ಕಾಯ್ದೆಗೆ ವಿರುದ್ಧ, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಅರ್ಜಿ ಬರೆಯೋದು

ಒಂದು ಪುಟ ದಾಟಬೇಡಿ. ಕಷ್ಟದ ಕಥೆ ಬೇಡ, ಅಳತೆ ಸಾಕು. ಹೀಗೆ ಬರೆಯಬಹುದು:

"ಇವರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ವಿಷಯ: ಪಂಚಾಯಿತಿ ಕಚೇರಿಯ ರ‍್ಯಾಂಪ್ ಮತ್ತು ಶೌಚಾಲಯ ಸರಿಪಡಿಸುವ ಬಗ್ಗೆ. ಮಾನ್ಯರೇ, ಈ ದಿನ ನಾವು ಅಳೆದಂತೆ ಕಚೇರಿಯ ಮುಂಬಾಗಿಲ ಎತ್ತರ 18 ಇಂಚು, ರ‍್ಯಾಂಪ್ ಉದ್ದ 6 ಅಡಿ, ಅಗಲ 3 ಅಡಿ, ರೇಲಿಂಗ್ ಇಲ್ಲ. 1:12ರ ಪ್ರಕಾರ ಉದ್ದ 18 ಅಡಿ, ಅಗಲ 4 ಅಡಿ ಇರಬೇಕು. ಶೌಚಾಲಯದ ಬಾಗಿಲು 2 ಅಡಿ ಇದ್ದು ವೀಲ್‌ಚೇರ್ ಹೋಗುವುದಿಲ್ಲ. 2016ರ ಕಾಯ್ದೆಯ ಕಲಂ 45ರಂತೆ ಇವುಗಳನ್ನು ಸರಿಪಡಿಸಿ, ತೆಗೆದುಕೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕಾಗಿ ಕೋರುತ್ತೇವೆ. ಫೋಟೊ ಲಗತ್ತಿಸಿದೆ."

ಎರಡು ಪ್ರತಿ ತಗೊಂಡು ಹೋಗಿ. ಒಂದು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಮುದ್ರೆ, ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. "ಆಯ್ತು, ಮಾಡಿಸ್ತೀವಿ ಬಿಡಿ" ಅನ್ನೋ ಬಾಯಿಮಾತಿಗೆ ಅರ್ಜಿ ವಾಪಸ್ ತರಬೇಡಿ, ಆ ಅಧಿಕಾರಿ ವರ್ಗವಾದ ದಿನ ಮಾತೂ ವರ್ಗವಾಗುತ್ತೆ.

ದುಡ್ಡಿಲ್ಲ ಅನ್ನೋ ಉತ್ತರ ಬಂದೇ ಬರುತ್ತೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ. 5ರಷ್ಟು ಅನುದಾನ ತೆಗೆದಿಡಬೇಕು. ಅದು ಎಲ್ಲಿಗೆ ಖರ್ಚಾಯಿತು ಅಂತ ವಿಕಲಚೇತನರ ಸಮನ್ವಯ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕ್ರಿಯಾ ಯೋಜನೆ ತಯಾರಾಗುವ ಮೊದಲೇ ಕೇಳಿದರೆ ಕೆಲಸ ಸೇರುತ್ತೆ, ಆಮೇಲೆ ಕೇಳಿದರೆ ಮುಂದಿನ ವರ್ಷ. ಶಾಲೆಯಾದರೆ ಮತಗಟ್ಟೆಯ ವಿಷಯ ಎತ್ತಿ. ಮತಗಟ್ಟೆಗೆ ರ‍್ಯಾಂಪ್ ಇರಬೇಕು ಅನ್ನೋದು ಚುನಾವಣಾ ಆಯೋಗದ ಸೂಚನೆ, ಅದಕ್ಕೆ ಅಂತ ಹಾಕಿದ ಮರದ ಹಲಗೆ ಮಾರನೇ ದಿನ ಮಾಯ ಆಗುತ್ತೆ. ಒಂದು ದಿನಕ್ಕೆ ಮಾಡುವ ಬದಲು ಮಕ್ಕಳಿಗೂ ಆಗುವ ಹಾಗೆ ಕಾಂಕ್ರೀಟಿನಲ್ಲಿ ಮಾಡಿ ಅಂತ ಕೇಳಿ.

ಒಂದು ತಿಂಗಳಲ್ಲಿ ಹಿಂಬರಹ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳಬಹುದು. ರ‍್ಯಾಂಪಿನ ಅಂದಾಜು ಪಟ್ಟಿ, ಇಂಜಿನಿಯರ್ ಕೆಲಸದ ಅಳತೆ ಬರೆದಿಡುವ ಎಂಬಿ ಪುಸ್ತಕದ ಪುಟ, ಬಿಲ್ಲಿನ ಪ್ರತಿ ಕೇಳಿ. ಎಂಬಿ ಪುಸ್ತಕದಲ್ಲಿ ಬರೆದ ಉದ್ದಕ್ಕೂ ನಿಮ್ಮ ಟೇಪಿನ ಉದ್ದಕ್ಕೂ ವ್ಯತ್ಯಾಸ ಬಂದರೆ ಮುಂದಿನ ಕೆಲಸ ತಾನಾಗೇ ವೇಗ ಪಡೆಯುತ್ತೆ.

ಅದೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಬರೆಯಿರಿ. ಅಳತೆ, ಫೋಟೊ, ಮುದ್ರೆ ಇರುವ ಅರ್ಜಿ, ಆರ್‌ಟಿಐ ಉತ್ತರ ಎಲ್ಲ ಜೋಡಿಸಿ. ಸಾಕ್ಷಿಗಳನ್ನು ಕರೆಸುವ, ಕಡತ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಕೇಂದ್ರ ಸರ್ಕಾರದ ಸುಗಮ್ಯ ಭಾರತ್ ಆ್ಯಪಿನಲ್ಲೂ ಫೋಟೊ ಹಾಕಬಹುದು, ಆದರೆ ಅದನ್ನೇ ನಂಬಿ ಕಾಗದದ ಅರ್ಜಿ ಬಿಡಬೇಡಿ.

ಕೆಲಸ ಮಂಜೂರಾದ ಮೇಲೆ

ಇಲ್ಲಿ ಎಲ್ಲರೂ ಕೈ ತೊಳೆದುಕೊಂಡುಬಿಡುತ್ತಾರೆ. ಮೇಸ್ತ್ರಿ ತನಗೆ ತಿಳಿದ ಹಾಗೆ ಇಳಿಜಾರು ಹಾಕಿ ಮತ್ತೆ ಅದೇ ಗ್ರಾನೈಟ್ ಅಂಟಿಸಿ ಹೋಗುತ್ತಾನೆ. ಗುರುತು ಹಾಕುವ ದಿನ ಹೋಗಿ, ಸೀಮೆಸುಣ್ಣದಿಂದ ನೆಲದ ಮೇಲೆ 18 ಅಡಿ ಬರೆದು ತೋರಿಸಿ. ಮುಂದಕ್ಕೆ ಅಷ್ಟು ಜಾಗ ಇಲ್ಲ ಅಂದರೆ ಗೋಡೆಯ ಉದ್ದಕ್ಕೆ ತಿರುಗಿಸಬಹುದು, ಅರ್ಧ ಹೋಗಿ ವಾಪಸ್ ಬರುವ ಹಾಗೂ ಕಟ್ಟಬಹುದು, ತಿರುವಿನಲ್ಲಿ 5 ಅಡಿ ಸಮತಟ್ಟು ಬಿಟ್ಟರೆ ಆಯಿತು. ಕಾಂಕ್ರೀಟ್ ಹಸಿ ಇರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಎಳೆಸಿ, ಆ ಒರಟೇ ಜಾರದ ಹಾಗೆ ನೋಡಿಕೊಳ್ಳುತ್ತೆ, ಮೇಲೆ ಟೈಲ್ಸ್ ಬೇಡ. ಬುಡದಲ್ಲಿ ಬೈಕು ನಿಲ್ಲದ ಹಾಗೆ ಕಂಬ ನೆಡುವುದಾದರೆ ಎರಡು ಕಂಬದ ನಡುವೆ 3 ಅಡಿ ಜಾಗ ಬಿಡಿಸಿ, ಇಲ್ಲದಿದ್ದರೆ ವೀಲ್‌ಚೇರೂ ಹೊರಗೇ ನಿಲ್ಲುತ್ತೆ.

ಮುಗಿದ ಮೇಲೆ ಮೊದಲು ಜೊತೆಗೆ ಬಂದಿದ್ದ ಅದೇ ಗೆಳೆಯರನ್ನು ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ, ಮತ್ತೆ ಟೇಪು ಹಿಡಿಯಿರಿ. ಇದು ಗುತ್ತಿಗೆದಾರರ ಬಿಲ್ ಪಾಸಾಗುವ ಮೊದಲೇ ಆಗಬೇಕು. ತಪ್ಪಿದ್ದರೆ ಆ ದಿನವೇ ಇಂಜಿನಿಯರ್‌ಗೆ ಬರೆದು ಕೊಡಿ, ಬಿಲ್ ಆದ ಮೇಲೆ ಅದೇ ಜಾಗಕ್ಕೆ ಇನ್ನೊಮ್ಮೆ ದುಡ್ಡು ಹುಡುಕೋದು ಬಹಳ ಕಷ್ಟ.